ಬಾಡಿಗೆಗೆಂದೇ ಮೊದಲ ಮನೆ: ವಿದ್ಯಾನಗರದ ಫ್ಲ್ಯಾಟೋ, ಮಾಳಮಡ್ಡಿಯ ಹಳೆಯ ಮನೆಯೋ?

ಪ್ರಶ್ನೆ: ಗದಗದ ಶಿಕ್ಷಕ

ನಾನೂ ನನ್ನ ಪತ್ನಿಯೂ ಗದಗದಲ್ಲಿ ಶಿಕ್ಷಕರಾಗಿದ್ದೇವೆ. ವಾಸಕ್ಕೆ ತಂದೆಯವರ ಕಾಲದ ಮನೆಯಿದೆ, ಸಾಲವೇನೂ ಇಲ್ಲ. ಇಬ್ಬರೂ ಕೂಡಿಟ್ಟ ಹಣದಲ್ಲಿ ₹18 ಲಕ್ಷದಷ್ಟನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಮನೆಗೆ ತೊಡಗಿಸಿ, ಉಳಿದ ಮೊತ್ತಕ್ಕೆ ಗೃಹಸಾಲ ಪಡೆದು, ಬರುವ ಬಾಡಿಗೆಯಿಂದಲೇ ಕಂತು ಕಟ್ಟುತ್ತ ಹೋದರೆ ನಿವೃತ್ತಿಯ ಹೊತ್ತಿಗೆ ಸಾಲ ತೀರಿ ಮನೆ ನಮ್ಮದಾಗಿ ಉಳಿಯುತ್ತದೆ ಎಂಬುದು ನಮ್ಮ ಲೆಕ್ಕ.

ಸದ್ಯ ಎರಡು ಆಸ್ತಿಗಳನ್ನು ನೋಡಿದ್ದೇವೆ. ಒಂದು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಏಳು ವರ್ಷ ಹಳೆಯದಾದ ಎರಡು ಮಲಗುವ ಕೋಣೆಗಳ ಫ್ಲ್ಯಾಟ್. ಬೆಲೆ ₹42 ಲಕ್ಷ, ಬಾಡಿಗೆ ₹13,000 ಬರುತ್ತದೆ ಎಂದು ದಲ್ಲಾಳಿಯವರು ಹೇಳುತ್ತಾರೆ. ಇನ್ನೊಂದು, ಧಾರವಾಡದ ಮಾಳಮಡ್ಡಿಯಲ್ಲಿ ಎರಡು ಭಾಗಗಳಿರುವ ಹಳೆಯ ಹೆಂಚಿನ ಮನೆ. ಬೆಲೆ ₹52 ಲಕ್ಷ, ಎರಡೂ ಭಾಗಗಳಿಂದ ಸೇರಿ ₹17,000 ಬರಬಹುದಂತೆ. ಐಐಟಿ ಬಂದ ಮೇಲೆ ಧಾರವಾಡದಲ್ಲಿ ಬಾಡಿಗೆದಾರರಿಗೆ ಎಂದೂ ಬರವಿಲ್ಲ ಎಂದೂ ಅವರು ಭರವಸೆ ಕೊಡುತ್ತಾರೆ.

ಈ ವಿಷಯದಲ್ಲಿ ನಾವು ಹೊಸಬರು. ಇವೆರಡರಲ್ಲಿ ಯಾವುದು ಮೇಲು, ನಮ್ಮ ಲೆಕ್ಕದಲ್ಲಿ ಏನಾದರೂ ತಪ್ಪಿದೆಯೇ, ಗದಗದಲ್ಲಿದ್ದುಕೊಂಡೇ ಮನೆಯನ್ನು ನೋಡಿಕೊಳ್ಳುವುದು ಸಾಧ್ಯವೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕೇಶ್ವಾಪುರದ ನಿವೃತ್ತ ಬ್ಯಾಂಕ್ ನೌಕರ

‘ಬಾಡಿಗೆಯಿಂದಲೇ ಕಂತು’ ಎಂಬುದನ್ನು ಮೊದಲು ನಿಮ್ಮ ಲೆಕ್ಕದಿಂದ ತೆಗೆದುಹಾಕಿ. ನಮ್ಮ ಊರಿನ ಬೆಲೆ ಮತ್ತು ಬಾಡಿಗೆಗಳ ನಡುವಿನ ಅಂತರ ನೋಡಿದರೆ ಅದು ಆಗುವ ಮಾತಲ್ಲ. ನೀವೇ ಕೊಟ್ಟ ಅಂಕಿಗಳನ್ನು ಹಿಡಿದು ನೋಡೋಣ.

ಫ್ಲ್ಯಾಟಿನ ಬೆಲೆ ₹42 ಲಕ್ಷ. ಇದರ ಮೇಲೆ ಶೇ 5ರ ಮುದ್ರಾಂಕ ಶುಲ್ಕ, ಆ ಶುಲ್ಕದ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವ ನೋಂದಣಿ ಶುಲ್ಕ, ಇವೆಲ್ಲ ಸೇರಿ ನಗರ ವ್ಯಾಪ್ತಿಯಲ್ಲಿ ಒಟ್ಟು ಶೇ 7.6ರಷ್ಟಾಗುತ್ತದೆ. ಅಂದರೆ ₹3.2 ಲಕ್ಷ. ಬಣ್ಣ, ನಳ, ವಿದ್ಯುತ್ ರಿಪೇರಿಗೆಂದು ₹80,000 ಇಟ್ಟುಕೊಂಡರೆ ನಿಮಗೆ ಆ ಮನೆ ಬೀಳುವುದು ₹46 ಲಕ್ಷಕ್ಕೇ ಹೊರತು ₹42 ಲಕ್ಷಕ್ಕಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ₹30 ಲಕ್ಷಕ್ಕಿಂತ ಹೆಚ್ಚಿನ, ₹75 ಲಕ್ಷದವರೆಗಿನ ಗೃಹಸಾಲವು ಆಸ್ತಿಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ, ಮುದ್ರಾಂಕ ಮತ್ತು ನೋಂದಣಿಯ ವೆಚ್ಚವನ್ನು ಈ ಮೌಲ್ಯದಲ್ಲಿ ಸೇರಿಸಿ ಲೆಕ್ಕ ಹಾಕುವಂತೆಯೂ ಇಲ್ಲ. ಆ ಖರ್ಚು ಪೂರ್ತಿ ನಿಮ್ಮ ಜೇಬಿನದು.

ನೀವು ₹16 ಲಕ್ಷ ಹಾಕಿ ₹30 ಲಕ್ಷ ಸಾಲ ತೆಗೆದಿರಿ ಎನ್ನೋಣ. ಶೇ 8.5ರ ಬಡ್ಡಿ, 20 ವರ್ಷದ ಅವಧಿ ಎಂದಾದರೆ ತಿಂಗಳ ಕಂತು ₹26,000 ದಾಟುತ್ತದೆ. ಬಾಡಿಗೆ ಅದರ ಅರ್ಧ. ಅದೂ ವರ್ಷದ ಹನ್ನೆರಡು ತಿಂಗಳೂ ಬರುವುದಿಲ್ಲ, ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಒಂದು ತಿಂಗಳಾದರೂ ಮನೆ ಖಾಲಿ ಬೀಳುತ್ತದೆ. ಹನ್ನೊಂದು ತಿಂಗಳ ಬಾಡಿಗೆ ₹1,43,000 ಆಯಿತು. ಅದರಲ್ಲಿ ಪಾಲಿಕೆಯ ಆಸ್ತಿ ತೆರಿಗೆ, ಮನೆ ಖಾಲಿ ಇದ್ದಾಗಿನ ಸಂಘದ ಶುಲ್ಕ, ದಲ್ಲಾಳಿ, ಸಣ್ಣಪುಟ್ಟ ದುರಸ್ತಿಗೆ ₹23,000 ಕಳೆದರೆ ನಿಮಗೆ ಉಳಿಯುವುದು ₹1,20,000. ₹46 ಲಕ್ಷದ ಮೇಲೆ ಇದು ಶೇ 2.6ರಷ್ಟಾಗುತ್ತದೆ, ಅಂದರೆ ಮುದ್ದತಿ ಠೇವಣಿಯ ಬಡ್ಡಿಗಿಂತಲೂ ಕಡಿಮೆ. ಕಂತು ವರ್ಷಕ್ಕೆ ₹3,12,000 ಆಗುವುದರಿಂದ ಪ್ರತಿ ತಿಂಗಳೂ ಸಂಬಳದಿಂದ ₹16,000 ಸೇರಿಸಬೇಕು.

ಬಾಡಿಗೆ ಮುಂದೆ ಏರುತ್ತದಲ್ಲ ಎಂದು ನೀವು ಕೇಳಬಹುದು. ಏರುತ್ತದೆ, ಆದರೆ ವರ್ಷಕ್ಕೆ ಶೇ 5ರಂತೆ ತಪ್ಪದೆ ಏರಿದರೂ ₹13,000 ಇದ್ದದ್ದು ₹26,000 ಆಗಲು 14 ವರ್ಷಕ್ಕೂ ಹೆಚ್ಚು ಬೇಕು. ಮಾಳಮಡ್ಡಿಯ ಮನೆಗೆ ನೋಂದಣಿ ಖರ್ಚೇ ₹4 ಲಕ್ಷಕ್ಕೆ ಹತ್ತಿರವಾಗುತ್ತದೆ. ನಿಮ್ಮ ₹18 ಲಕ್ಷವನ್ನು ಪೂರ್ತಿ ಸುರಿದರೂ ₹38 ಲಕ್ಷ ಸಾಲ, ₹33,000 ಕಂತು. ದುರಸ್ತಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಹಾಗೆಂದು ಬೇಡವೆನ್ನುತ್ತಿಲ್ಲ. ಆ ₹16,000ವನ್ನು ಇಬ್ಬರ ಸಂಬಳದಿಂದ ಮಕ್ಕಳ ಓದಿಗೂ ಆಸ್ಪತ್ರೆಗೂ ತೊಂದರೆಯಾಗದಂತೆ ಕೊಡಬಲ್ಲಿರಾದರೆ ಅದನ್ನು ಕಡ್ಡಾಯದ ಉಳಿತಾಯವೆಂದು ಎಣಿಸಬಹುದು. ಅದಕ್ಕೂ ಮೊದಲು ಕನಿಷ್ಠ ಒಂದು ವರ್ಷದ ಕಂತಿನಷ್ಟು ಹಣ ಪ್ರತ್ಯೇಕವಾಗಿರಲಿ. ಬದಲಾಗುವ ಬಡ್ಡಿದರದ ಸಾಲವಾದರೆ ವ್ಯಕ್ತಿಗಳಿಂದ ಅವಧಿಪೂರ್ವ ಪಾವತಿಗೆ ದಂಡ ಹಾಕುವಂತಿಲ್ಲ. ಆದ್ದರಿಂದ ಕೈಯಲ್ಲಿರುವುದನ್ನೆಲ್ಲ ಮೊದಲ ದಿನವೇ ಹಾಕಿ ಬರಿಗೈಯಾಗುವುದಕ್ಕಿಂತ ಸ್ವಲ್ಪ ಇಟ್ಟುಕೊಂಡು, ಬಾಕಿ ಹಣ ಬಂದಾಗ ಬಂದಾಗ ತುಂಬುವುದು ಒಳ್ಳೆಯದು. ಬೆಲೆ ಇಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆ ಎಂಬ ಮಾತನ್ನು ಮಾತ್ರ ಯಾರು ಹೇಳಿದರೂ ಲೆಕ್ಕದ ಹಾಳೆಗೆ ಸೇರಿಸಬೇಡಿ.

ಉತ್ತರ: ಸಪ್ತಾಪುರದ ಮನೆ ಮಾಲೀಕ

ಮೇಲಿನವರ ಲೆಕ್ಕ ಸರಿಯೇ ಆದರೂ ಯಾವ ಮನೆ ಎಂಬ ಪ್ರಶ್ನೆಗಿಂತ ಮುಂಚೆ ಯಾರಿಗೆ ಎಂಬ ಪ್ರಶ್ನೆಯಿದೆ. ಅವಳಿ ನಗರ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಬಾಡಿಗೆದಾರರು ಮಾತ್ರ ಓಣಿಗೊಂದು ಬಗೆ.

ಐಐಟಿಯ ಮಾತನ್ನು ನಂಬಬೇಡಿ. 2016ರಲ್ಲಿ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಆರಂಭವಾದ ಆ ಸಂಸ್ಥೆಯ ಕಾಯಂ ಆವರಣ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿನ ವಿದ್ಯಾರ್ಥಿಗಳು ಅಲ್ಲಿನ ವಸತಿ ನಿಲಯಗಳಲ್ಲೇ ಇರುತ್ತಾರೆ. ವಸತಿ ಸಹಿತವಾದ ಸಂಸ್ಥೆ ಎಷ್ಟೇ ದೊಡ್ಡದಾದರೂ ಬಾಡಿಗೆ ಮನೆ ಹುಡುಕುವವರನ್ನು ಹೆಚ್ಚಾಗಿ ತರುವುದಿಲ್ಲ. ತರುವವರು ಬೇರೆ ಇದ್ದಾರೆ: ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳ ಸಂಶೋಧಕರು, ಸಪ್ತಾಪುರ, ಜಯನಗರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವವರು, ಹೈಕೋರ್ಟ್ ಪೀಠದಲ್ಲಿ ವಕಾಲತ್ತು ಮಾಡುವ ಕಿರಿಯ ವಕೀಲರು, ಬೇಲೂರು ಕೈಗಾರಿಕಾ ಪ್ರದೇಶದ ನೌಕರರು. ಹುಬ್ಬಳ್ಳಿಯಲ್ಲಾದರೆ ಕೇಶ್ವಾಪುರದ ಸುತ್ತ ರೈಲ್ವೆಯವರು, ವಿದ್ಯಾನಗರದಲ್ಲಿ ಕಿಮ್ಸ್ ಎಂದೇ ಹೆಸರಾದ ವೈದ್ಯಕೀಯ ಕಾಲೇಜು ಮತ್ತು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದವರು, ಗೋಕುಲ ರಸ್ತೆಯಲ್ಲಿ ಕಾರ್ಖಾನೆ ಮತ್ತು ವ್ಯಾಪಾರದವರು.

ಪರೀಕ್ಷೆಗೆ ಓದುವ ಹುಡುಗರಿಗೆ ಕೊಟ್ಟರೆ ಒಂದೇ ಮನೆಗೆ ಬಾಡಿಗೆ ಹೆಚ್ಚು ಸಿಗುತ್ತದೆ ಎಂಬುದು ನಿಜ. ಆದರೆ ಅಧಿಸೂಚನೆ ಹೊರಟಾಗ ಕೋಣೆ ಸಾಲದು, ಪರೀಕ್ಷೆ ಮುಗಿದಾಗ ಕೋಣೆ ಖಾಲಿ. ಮಾಲೀಕನು ಅದೇ ಓಣಿಯಲ್ಲಿ ಇರಬೇಕು, ನೀರಿನ ಮೋಟಾರಿನಿಂದ ಹಿಡಿದು ರಾತ್ರಿಯ ಗದ್ದಲದವರೆಗೆ ಎಲ್ಲಕ್ಕೂ ಉತ್ತರ ಹೇಳಬೇಕು. ಗದಗದಿಂದ ಸುಮಾರು 60 ಕಿಲೋಮೀಟರ್ ದೂರವಿದ್ದು ಹುಬ್ಬಳ್ಳಿಯದನ್ನೇ ನೋಡಿಕೊಳ್ಳುವುದು ಕಷ್ಟ, ಧಾರವಾಡ ಅದಕ್ಕಿಂತ ಇನ್ನೂ 20 ಕಿಲೋಮೀಟರ್ ಮುಂದೆ. ಊಟ ಸಹಿತವಾದ ಪೇಯಿಂಗ್ ಗೆಸ್ಟ್ ಮಾಡುವ ವಿಚಾರವಿದ್ದರೆ ಅದು ಪಾಲಿಕೆಯ ಪರವಾನಗಿ ಬೇಕಾಗುವ ಉದ್ಯೋಗ. ಅದನ್ನು ಈ ಚರ್ಚೆಯಿಂದ ಹೊರಗಿಡುವುದೇ ಲೇಸು.

ನಿಮಗೆ ಹೊಂದುವವರು ಎರಡು-ಮೂರು ವರ್ಷ ನಿಲ್ಲುವ, ತಿಂಗಳ ಸಂಬಳದ ಕುಟುಂಬಗಳು. ಅವರು ಮೊದಲು ಕೇಳುವುದು ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು. ಆಮೇಲೆ ಶಾಲೆ, ಚಿಗರಿ ಬಸ್ಸಿನ ನಿಲ್ದಾಣ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಸುಮಾರು 22 ಕಿಲೋಮೀಟರ್ ಮಾರ್ಗದಲ್ಲಿ ಚಿಗರಿ ಓಡತೊಡಗಿದ ಮೇಲೆ ಗಂಡನ ಕೆಲಸ ಒಂದು ಊರಿನಲ್ಲಿ, ಹೆಂಡತಿಯ ಕೆಲಸ ಇನ್ನೊಂದು ಊರಿನಲ್ಲಿ ಇರುವ ಕುಟುಂಬಗಳು ವಿದ್ಯಾನಗರ, ಉಣಕಲ್, ನವನಗರದಂಥ ನಡುವಿನ ಜಾಗಗಳನ್ನು ಆರಿಸಿಕೊಳ್ಳುತ್ತವೆ. ಈ ಕಾರಣಕ್ಕೆ ನನ್ನ ಮತ ಫ್ಲ್ಯಾಟಿನ ಕಡೆಗಿದೆ. ದಲ್ಲಾಳಿ ಹೇಳಿದ ₹13,000ವನ್ನು ಮಾತ್ರ ಅದೇ ಕಟ್ಟಡದ ಬಾಡಿಗೆದಾರರನ್ನು ಕೇಳಿ ಖಚಿತಪಡಿಸಿಕೊಳ್ಳಿ, ಕಾವಲುಗಾರನಿಗೂ ಎಲ್ಲ ಗೊತ್ತಿರುತ್ತದೆ.

ಉತ್ತರ: ಕಟ್ಟಡ ಕೆಲಸದ ಎಂಜಿನಿಯರ್, ಹುಬ್ಬಳ್ಳಿ

ಹಳೆಯ ಮನೆಯ ಪರವಾಗಿಯೂ ಒಬ್ಬರು ಮಾತಾಡಬೇಕು. ಫ್ಲ್ಯಾಟಿನಲ್ಲಿ ನಿಮಗೆ ಸಿಗುವುದು ನೆಲದ ಅವಿಭಜಿತ ಪಾಲು ಮಾತ್ರ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳೆಯದಾಗುತ್ತದೆ, ಬೆಲೆ ಏರುವುದು ನೆಲಕ್ಕೆ. ಮಾಳಮಡ್ಡಿಯಂಥ, ರೈಲು ನಿಲ್ದಾಣಕ್ಕೆ ಹತ್ತಿರವಾದ ಹಳೆಯ ಬಡಾವಣೆಯಲ್ಲಿ ಸ್ವಂತ ನೆಲವಿರುವುದು ಸಣ್ಣ ಸಂಗತಿಯಲ್ಲ. ಆದರೆ ಹೆಂಚಿನ ಮನೆಯ ಬೆಲೆ ಹೇಳುವಾಗ ಯಾರೂ ಮಳೆಗಾಲದ ಖರ್ಚನ್ನು ಹೇಳುವುದಿಲ್ಲ. ಧಾರವಾಡದ ಮಳೆ ಗದಗದ ಮಳೆಯಂತಲ್ಲ. ಜಂತಿಗಳಿಗೆ ಗೆದ್ದಲು ಹತ್ತಿದೆಯೇ, ಗೋಡೆ ಇಟ್ಟಿಗೆಯದೋ ಮಣ್ಣಿನದೋ, ಶೌಚಾಲಯದ ಕೊಳವೆ ಒಳಚರಂಡಿಗೆ ಸೇರಿದೆಯೇ ಅಥವಾ ಇನ್ನೂ ಗುಂಡಿಯಲ್ಲೇ ಇದೆಯೇ ಎಂಬುದನ್ನು ನೋಡದೆ ಬೆಲೆ ಮಾತಾಡಬೇಡಿ. ಸಾಧ್ಯವಾದರೆ ಜುಲೈನಲ್ಲಿ ಒಮ್ಮೆ ನೋಡಿ.

ಹುಬ್ಬಳ್ಳಿಯ ಕಟ್ಟಡಕ್ಕೆ ಪರೀಕ್ಷೆ ಬೇರೆ. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ನೆಲ, ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗದ ಕಡೆಗೆ ಎರೆಭೂಮಿ. ಎರೆಯ ಸ್ವಭಾವ ಗದಗದವರಿಗೆ ಹೇಳಬೇಕಾಗಿಲ್ಲ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕುಗ್ಗುತ್ತದೆ. ಬುನಾದಿಯನ್ನು ಕೆಳಗಿನ ಗಟ್ಟಿ ಮೊರಮ್ ಸಿಗುವವರೆಗೆ ಇಳಿಸದೆ ಕಟ್ಟಿದ್ದರೆ ಈ ಚಲನೆ ಗೋಡೆಗೆ ಏರುತ್ತದೆ. ಗಿಲಾಯಿಯ ಮೇಲಿನ ಕೂದಲೆಳೆಯ ಬಿರುಕಿಗೆ ಅಂಜಬೇಕಾಗಿಲ್ಲ. ಕಿಟಕಿ-ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ನೆಲ ಕುಸಿದು ಗೋಡೆಯ ಬುಡದಲ್ಲಿ ಬಿಟ್ಟ ಸಂದು, ಮುಚ್ಚಲು ಹಟ ಮಾಡುವ ಬಾಗಿಲು ಇವು ಕಂಡರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಫ್ಲ್ಯಾಟು ಏಳು ವರ್ಷ ಹಳೆಯದು ಎಂದಿದ್ದೀರಿ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯಡಿ ರಚನೆಯ ದೋಷಕ್ಕೆ ಬಿಲ್ಡರ್ ಹೊಣೆಯಾಗುವುದು ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ಮಾತ್ರ. ಆ ಅವಧಿ ಮುಗಿದಿರುವುದರಿಂದ ಇನ್ನು ಬರುವ ಖರ್ಚೆಲ್ಲ ಮಾಲೀಕರದೇ.

ನೀರಿನ ವಿಷಯ ಮೇಲಿನವರು ಹೇಳಿದ್ದಾರೆ. ಮಲಪ್ರಭೆಯ ನೀರು ಕೆಲವು ವಾರ್ಡುಗಳಿಗೆ ನಿರಂತರವಾಗಿ, ಉಳಿದೆಡೆ ದಿನಗಳ ಅಂತರದಲ್ಲಿ ಬರುತ್ತದೆ. ಆದ್ದರಿಂದ ನೆಲದೊಳಗಿನ ಟಾಕಿಯ ಅಳತೆಯನ್ನು ಮನೆಯ ಕೋಣೆಗಳಷ್ಟೇ ಗಮನವಿಟ್ಟು ನೋಡಿ. ಎರಡು ಭಾಗಗಳ ಮನೆಯಾದರೆ ಹೆಸ್ಕಾಂ ಮೀಟರ್ ಎರಡಿವೆಯೇ ಎಂದೂ ಕೇಳಿ. ಗೃಹಜ್ಯೋತಿ ಬಂದ ಮೇಲೆ ಬಾಡಿಗೆದಾರರು ತಮ್ಮ ಹೆಸರಿಗೆ ಜೋಡಿಸಿಕೊಳ್ಳಲು ಪ್ರತ್ಯೇಕ ಆರ್.ಆರ್. ಸಂಖ್ಯೆಯನ್ನೇ (ವಿದ್ಯುತ್ ಸಂಪರ್ಕದ ಸಂಖ್ಯೆ) ಬಯಸುತ್ತಾರೆ, ಒಂದೇ ಮೀಟರ್ ಇದ್ದ ಮನೆಗೆ ಜಗಳ ತಪ್ಪಿದ್ದಲ್ಲ.

ಮತ್ತೆ ಪ್ರಶ್ನೆ: ಗದಗದ ಶಿಕ್ಷಕ

ಎಲ್ಲರಿಗೂ ಧನ್ಯವಾದಗಳು. ಮಾಳಮಡ್ಡಿಯ ಮನೆಯ ಬಗ್ಗೆ ವಿಚಾರಿಸಿದಾಗ ಎರಡು ಹೊಸ ಸಂಗತಿಗಳು ತಿಳಿದವು. ಮನೆ ತೀರಿಕೊಂಡ ಹಿರಿಯರದು. ಖಾತೆಯಲ್ಲಿ ಇಬ್ಬರು ಗಂಡುಮಕ್ಕಳ ಹೆಸರಿದೆ, ಅವರಲ್ಲಿ ಒಬ್ಬರು ಹಲವು ವರ್ಷಗಳಿಂದ ವಿದೇಶದಲ್ಲಿ ನೆಲೆಸಿದ್ದಾರೆ. ಇಬ್ಬರು ಅಕ್ಕಂದಿರೂ ಇದ್ದಾರಂತೆ, ಅವರ ತಕರಾರೇನೂ ಇಲ್ಲ ಎನ್ನುತ್ತಾರೆ. ಎರಡನೆಯದಾಗಿ, ಹಿಂದಿನ ಭಾಗದಲ್ಲಿ ಬಹಳ ವರ್ಷಗಳಿಂದ ಒಂದು ಕುಟುಂಬ ತಿಂಗಳಿಗೆ ₹1,500 ಕೊಟ್ಟು ವಾಸವಾಗಿದೆ, ಮಾರಾಟವಾದ ಮೇಲೆ ಅವರು ಬಿಡುತ್ತಾರೆ ಎಂಬ ಮಾತಿದೆ. ಬಾಡಿಗೆದಾರ ಹನ್ನೆರಡು ವರ್ಷ ಇದ್ದರೆ ಮನೆ ಅವನದೇ ಆಗುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ, ಇದು ನಿಜವೇ? ಇನ್ನೊಂದು ಮಾತು, ಗೃಹಸಾಲದ ಬಡ್ಡಿಯಿಂದ ಆದಾಯ ತೆರಿಗೆ ಎಷ್ಟು ಉಳಿಯಬಹುದು?

ಉತ್ತರ: ಧಾರವಾಡದ ವಕೀಲೆ

ಹನ್ನೆರಡು ವರ್ಷದ ಮಾತು ನಿಜವಲ್ಲ. ಆ ಅವಧಿ ಬರುವುದು ಮಾಲೀಕನ ಹಕ್ಕನ್ನು ಧಿಕ್ಕರಿಸಿ, ಬಹಿರಂಗವಾಗಿ ಆಸ್ತಿಯನ್ನು ಹಿಡಿದುಕೊಂಡವನ ಪ್ರಕರಣದಲ್ಲಿ. ಬಾಡಿಗೆದಾರನಾಗಿ ಒಳಬಂದು ಬಾಡಿಗೆ ಕೊಡುತ್ತಿರುವವನು ಒಪ್ಪಿಗೆಯಿಂದ ಇರುವವನಾದ್ದರಿಂದ ಎಷ್ಟು ವರ್ಷ ಕಳೆದರೂ ಅಷ್ಟರಿಂದಲೇ ಮಾಲೀಕನಾಗುವುದಿಲ್ಲ. ಆದರೆ ನಿಮ್ಮ ಪ್ರಕರಣದಲ್ಲಿ ತೊಡಕಿರುವುದು ವರ್ಷಗಳಲ್ಲಿ ಅಲ್ಲ, ₹1,500ರಲ್ಲಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಅನುಸೂಚಿಯಲ್ಲಿ ಹೆಸರಿಸಿದ ಊರುಗಳಲ್ಲಿ ತಿಂಗಳಿಗೆ ₹3,500 ಮೀರಿದ, ಇತರೆಡೆ ₹2,000 ಮೀರಿದ ಬಾಡಿಗೆಗಳಿಗೆ ಅನ್ವಯಿಸುವುದಿಲ್ಲ. ಈಗಿನ ಹೊಸ ಬಾಡಿಗೆಗಳೆಲ್ಲ ಅದರ ಹೊರಗಿವೆ, ಅವುಗಳಿಗೆ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸಿ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸು ಸಾಕಾಗುತ್ತದೆ. ಆದರೆ ಈ ಕುಟುಂಬ ಎರಡೂ ಮಿತಿಗಳ ಒಳಗೇ ಇರುವುದರಿಂದ ಕಾಯ್ದೆ ಹೇಳಿದ ಕಾರಣಗಳನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸದೆ ಅವರನ್ನು ಬಿಡಿಸಲಾಗದು. ಮನೆ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ, ಆ ವ್ಯಾಜ್ಯವೂ ನಿಮ್ಮದಾಗುತ್ತದೆ. ₹17,000ದ ಬಾಡಿಗೆ ಎಂಬುದು ಅವರು ಬಿಟ್ಟುಹೋಗುತ್ತಾರೆ ಎಂಬ ಊಹೆಯ ಮೇಲೆ ನಿಂತಿದೆ. ಹಿಂದಿನ ಭಾಗ ಖಾಲಿಯಾಗಿ ಖುಲ್ಲಾ ಕಬ್ಜೆ ಸಿಗುವವರೆಗೆ ಖರೀದಿ ಪತ್ರ ಮಾಡಿಸಬೇಡಿ. ಸಂಚಕಾರ (ಮುಂಗಡ ಹಣ) ಕೊಡುವುದಾದರೆ ಈ ಷರತ್ತನ್ನು ಕರಾರು ಪತ್ರದಲ್ಲೇ ಬರೆಸಿ.

ಅಕ್ಕಂದಿರ ತಕರಾರಿಲ್ಲ ಎಂಬುದು ಬಾಯಿಮಾತು. ಖಾತೆಯಲ್ಲಿ ಯಾರ ಹೆಸರಿದೆ ಎಂಬುದರಿಂದ ಒಡೆತನ ನಿರ್ಧಾರವಾಗುವುದಿಲ್ಲ. ಮನೆ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೆ ಹೆಣ್ಣುಮಕ್ಕಳೂ ಸಮಾನ ವಾರಸುದಾರರು. ಪಿತ್ರಾರ್ಜಿತವಾಗಿದ್ದರೂ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೋಂದಾಯಿತ ವಾಟ್ನಿ (ಪಾಲು ವಿಭಾಗದ) ಪತ್ರವೋ ಹಕ್ಕುಬಿಟ್ಟ ಪತ್ರವೋ ಇದ್ದರೆ ತರಿಸಿ ನೋಡಿ, ಇಲ್ಲವಾದರೆ ನಾಲ್ವರೂ ಖರೀದಿ ಪತ್ರಕ್ಕೆ ಸಹಿ ಹಾಕಲಿ. ವಿದೇಶದಲ್ಲಿರುವವರು ಬರಲಾಗದಿದ್ದರೆ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಮುಖ್ತಿಯಾರ ಪತ್ರ ಬೇಕು. ಬೆಲೆ ₹50 ಲಕ್ಷ ಮೀರಿರುವುದರಿಂದ ಇಲ್ಲಿನ ಮಾರಾಟಗಾರರ ಪಾಲಿನಲ್ಲಿ ಶೇ 1ರ ತೆರಿಗೆಯನ್ನು ಕಡಿತ ಮಾಡಿ ಸರ್ಕಾರಕ್ಕೆ ತುಂಬುವ ಹೊಣೆ ಖರೀದಿದಾರರದು. ಅನಿವಾಸಿಯ ಪಾಲಿಗೆ ಈ ಕಡಿತ ಬಹಳ ಹೆಚ್ಚು, ಅಲ್ಲಿ ₹50 ಲಕ್ಷದ ಮಿತಿಯೂ ಇಲ್ಲ. ಕಡಿತ ಮಾಡದಿದ್ದರೆ ಇಲಾಖೆ ಕೇಳುವುದು ನಿಮ್ಮನ್ನು.

ಉಳಿದ ಕಾಗದಗಳು ಎರಡೂ ಆಸ್ತಿಗೆ ಸಾಮಾನ್ಯ: 30 ವರ್ಷಗಳ ಋಣಭಾರ ಪತ್ರ, ಹಳೆಯ ಬಡಾವಣೆಯಾದರೆ ಸಿಟಿ ಸರ್ವೆಯ ಉತಾರ, ಹೊಸದಾದರೆ ಎನ್.ಎ. (ಕೃಷಿಯೇತರ ಬಳಕೆಯ) ಆದೇಶ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ನಕ್ಷೆ, ಪಾಲಿಕೆಯ ಕಟ್ಟಡ ಪರವಾನಗಿ, ತೆರಿಗೆ ರಸೀದಿ, ಇ-ಖಾತಾ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಬ್ಯಾಂಕಿನ ವಕೀಲರು ನೋಡಿದ್ದಾರೆ ಎಂದು ಸುಮ್ಮನಾಗಬೇಡಿ, ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಇದೆಯೇ ಎಂಬುದನ್ನು. ಮುಂದೆ ಬಾಡಿಗೆಗೆ ಕೊಡುವಾಗ 11 ತಿಂಗಳ ಕರಾರು ಬರೆಯುವುದು ರೂಢಿ, ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ನವೀಕರಣವನ್ನು ಮರೆಯದೆ ಮಾಡಿ, ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ.

ಉತ್ತರ: ಕೇಶ್ವಾಪುರದ ನಿವೃತ್ತ ಬ್ಯಾಂಕ್ ನೌಕರ

ವಕೀಲರ ಮಾತು ಓದಿದ ಮೇಲೆ ಮಾಳಮಡ್ಡಿಯ ಮನೆ ಮೊದಲ ಸಲ ಕೊಳ್ಳುವವರಿಗೆ ತಕ್ಕುದಲ್ಲ ಎಂದೇ ನನಗೆ ತೋರುತ್ತದೆ. ಫ್ಲ್ಯಾಟು ನಿಮಗೆ ಒಪ್ಪಿಗೆಯಾದರೆ ಬೆಲೆಯನ್ನು ₹42 ಲಕ್ಷದಿಂದ ಕೆಳಗಿಳಿಸಲು ನೋಡಿ, ಹಳೆಯ ಫ್ಲ್ಯಾಟಿನ ಮಾರಾಟಗಾರರಿಗೂ ಗಿರಾಕಿ ಸುಲಭವಾಗಿ ಸಿಗುವುದಿಲ್ಲ.

ತೆರಿಗೆಯ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಬಾಡಿಗೆಯಿಂದ ನೀವು ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ಶೇ 30ನ್ನು ದುರಸ್ತಿಯ ಲೆಕ್ಕಕ್ಕೆ ಬಿಟ್ಟು, ಆಮೇಲೆ ಸಾಲದ ಬಡ್ಡಿಯನ್ನು ಕಳೆಯುತ್ತಾರೆ. ₹30 ಲಕ್ಷಕ್ಕೆ ಮೊದಲ ವರ್ಷದ ಬಡ್ಡಿಯೇ ₹2.5 ಲಕ್ಷ ದಾಟುವುದರಿಂದ ಬಾಡಿಗೆಯ ಮೇಲೆ ತೆರಿಗೆ ಬೀಳುವುದಿಲ್ಲ, ಲೆಕ್ಕದಲ್ಲಿ ನಷ್ಟವೇ ಕಾಣುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಈ ನಷ್ಟವನ್ನು ವರ್ಷಕ್ಕೆ ₹2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಹಾಗೆ ಕಳೆಯುವಂತಿಲ್ಲ. ನೀವಾಗಿ ಹಳೆಯದನ್ನು ಆರಿಸಿಕೊಳ್ಳದಿದ್ದರೆ ಈಗ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಈ ನಷ್ಟವೊಂದಕ್ಕಾಗಿ ಹಳೆಯ ಪದ್ಧತಿಗೆ ಮರಳುವುದು ಲಾಭವೇ ಎಂಬುದನ್ನು ಇಬ್ಬರ ಸಂಬಳದ ಪಟ್ಟಿ ಇಟ್ಟುಕೊಂಡು ಬೇರೆ ಬೇರೆಯಾಗಿ ಲೆಕ್ಕ ಹಾಕಿಸಿ. ಬಾಡಿಗೆಯೂ ಬಡ್ಡಿಯೂ ಇಬ್ಬರಲ್ಲಿ ಹಂಚಿಕೆಯಾಗಬೇಕಾದರೆ ಇಬ್ಬರೂ ಮಾಲೀಕರಾಗಿರಬೇಕು, ಇಬ್ಬರೂ ಸಾಲಗಾರರಾಗಿರಬೇಕು. ಆದ್ದರಿಂದ ಸಾಲದ ಅರ್ಜಿ ಹಾಕುವ ಮುನ್ನವೇ ಖರೀದಿ ಪತ್ರದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ತೀರ್ಮಾನಿಸಿಕೊಂಡು ಬರೆಸಿ.